ಸಾವಂತ್ರೆವ್ವನ ಕಿವಿ ಮಷೀನು

ನಾನು ಒಂದು ಕಿವಿ ಮಷೀನು. ಅಂಗಡಿಯವರು ನನ್ನನ್ನು ಶ್ರವಣ ಸಾಧನ ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸುವುದಿಲ್ಲ. ಬೆಟಗೇರಿಯ ಸಾವಂತ್ರೆವ್ವ ದೋತ್ರದ ನನ್ನನ್ನು ಮಷೀನು ಅಂದಳು, ನಾನು ಮಷೀನೇ. ಗಾತ್ರ ನೋಡಿದರೆ ಒಂದು ಗೋಡಂಬಿಯಷ್ಟು, ಆದರೆ ಕೋಪ ಮಾತ್ರ ಮೈತುಂಬ ಇದೆ. ಮೊದಲೇ ಹೇಳಿಬಿಡುತ್ತೇನೆ. ಹಳೇ ವಸ್ತು, ಪಾಪ, ಏನೋ ತಣ್ಣಗೆ ನೆನಪು ಮಾಡಿಕೊಳ್ಳುತ್ತದೆ ಎಂದುಕೊಂಡು ಕೂತವರು ಈಗಲೇ ಎದ್ದು ಹೋಗಬಹುದು.

ನನ್ನ ಹೊಟ್ಟೆಯೊಳಗಿನ ತಂತಿಗಳನ್ನು ಯಾವುದೋ ದೂರದ ಕಾರ್ಖಾನೆಯಲ್ಲಿ ಜೋಡಿಸಿದರು. ಅದರ ನೆನಪು ನನಗಿಲ್ಲ. ನಾನು ನಿಜವಾಗಿ ಹುಟ್ಟಿದ್ದು ಗದಗದ ಒಂದು ಅಂಗಡಿಯಲ್ಲಿ. ಅಲ್ಲಿಯ ಹುಡುಗಿ ಸಾವಂತ್ರೆವ್ವನ ಬಲಗಿವಿಯೊಳಗೆ ಮೆತ್ತನೆಯ ಗುಲಾಬಿ ಹಿಟ್ಟು ತುಂಬಿ ಅಚ್ಚು ತೆಗೆದಳು. ಆ ಅಚ್ಚಿನ ಮೇಲೆ ಮಾಡಿದ ಬುಡವನ್ನು ನನಗೆ ಜೋಡಿಸಿದರು. ಹಾಗಾಗಿ ಈ ಭೂಮಿಯ ಮೇಲೆ ನಾನು ಸರಿಯಾಗಿ ಕೂರುವ ಕಿವಿ ಒಂದೇ. ಬೇರೆಯವರ ಕಿವಿಗೆ ಇಟ್ಟರೆ ಕುಂಯ್ ಎಂದು ಸೀಟಿ ಹೊಡೆಯುತ್ತೇನೆ. ಮುಷ್ಟಿಯಲ್ಲಿ ಮುಚ್ಚಿ ಹಿಡಿದರೂ ಸೀಟಿ ಹೊಡೆಯುತ್ತೇನೆ. "ಅದು ಇದರ ಚಟಾರಿ, ಅಂಜಬ್ಯಾಡ್ರಿ" ಅಂದಳು ಹುಡುಗಿ. ಚಟವಂತೆ! ನನಗಿರುವ ಬಾಯಿ ಅದೊಂದೇ.

ಸಾವಂತ್ರೆವ್ವನ ಕಿವಿಯನ್ನು ತಿಂದದ್ದು ಮಗ್ಗ. ಅವಳಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳನ್ನು ಹಾಕಿಸಿದಾಗ ಅವಳಿನ್ನೂ ಲಂಗ ಉಡುತ್ತಿದ್ದಳು. ಅಂದಿನಿಂದ ಖಟಖಟ ಖಟಖಟ, ಬೆಳಗಿನಿಂದ ಸಂಜೆಯತನಕ. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತ ಆಗ್ಲಿಲ್ಲ" ಅನ್ನುತ್ತಿದ್ದಳು. ಅಪ್ಪ ಹೋದ ಮೇಲೆ ಮಗ್ಗಗಳನ್ನು ನಡೆಸಿದ್ದು ಅವಳೇ, ತಮ್ಮ ಗುರುಸಿದ್ದಪ್ಪನನ್ನು ಬೆಳೆಸಿ ಸಂಸಾರಕ್ಕೆ ಹಚ್ಚಿದ್ದೂ ಅವಳೇ.

ಮಗ್ಗದ ಶೆಡ್ಡಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಅದಕ್ಕೇ ಅಲ್ಲಿನವರಿಗೆ ಕೈಮಾತು ಇದೆ. ಎರಡು ಬೆರಳು ಎತ್ತಿ ಬಿಡಿಸಿದರೆ ಎಳೆ ಹರಿದಿದೆ ಎಂದು. ಮುಷ್ಟಿಯನ್ನು ಗಾಳಿಯಲ್ಲಿ ತಿರುವಿದರೆ ಚಾಲೂ ಮಾಡು ಎಂದು. ಅಕ್ಕ ತಮ್ಮ ಇಬ್ಬರೂ ಈ ಮಾತಿನಲ್ಲೇ ಜಗಳವಾಡುತ್ತಿದ್ದರು, ನಗುತ್ತಿದ್ದರು. ನಾನು ಬಂದ ಮೇಲೂ ಅವಳು ನನ್ನನ್ನು ಮರೆತ ದಿನ ಕಿವಿ ಮುಟ್ಟಿ ಮುಷ್ಟಿ ತಿರುವುತ್ತಿದ್ದಳು. ನನ್ನ ಮಷೀನು ತಂದು ಚಾಲೂ ಮಾಡಿ ಕೊಡು ಎಂದು ಅದರ ಅರ್ಥ. ಮನೆಯ ಚಿಕ್ಕ ಮಕ್ಕಳೂ ಓಡಿಹೋಗಿ ನನ್ನನ್ನು ತಂದುಕೊಡುತ್ತಿದ್ದವು. ಈ ಸನ್ನೆಯನ್ನು ನೆನಪಿಡಿ. ನನ್ನ ಹೊಟ್ಟೆಯುರಿ ಎಲ್ಲ ಅದರದೇ.

ಸಕ್ಕರೆ ಕಾಯಿಲೆ ಹೆಚ್ಚಿದ ವರ್ಷ ಅವಳು ಒಂದು ತೀರ್ಮಾನ ಮಾಡಿದಳು. ಮುಂದೆ ತನಗೆ ಮಾತು ನಿಂತರೆ, ಬುದ್ಧಿ ಮಂಕಾದರೆ, ಆಸ್ಪತ್ರೆಯಲ್ಲಿ ಏನು ಮಾಡಬೇಕು ಏನು ಬೇಡ ಎಂದು ತನ್ನ ಪರವಾಗಿ ಹೇಳಲು ಒಬ್ಬರನ್ನು ಈಗಲೇ ನೇಮಿಸುವುದು. ಗದಗದಲ್ಲಿ ಸುಮಂಗಲಾ ಹಳ್ಳಿಕೇರಿ ಎಂಬ ವಕೀಲರು ಒಂಟಿ ಜನರ ಪರವಾಗಿ ಇಂಥ ಹೊಣೆ ಹೊರುತ್ತಿದ್ದರು. ಅವರ ಕಚೇರಿಗೆ ಹೋದೆವು. ಅವಳು ಖುರ್ಚಿಯ ಮೇಲೆ, ನಾನು ಅವಳ ಕಿವಿಯಲ್ಲಿ.

"ತಮ್ಮ ಅದಾರಲ್ರಿ ಅಜ್ಜಿ, ಅವರ ಹೆಸರು ಯಾಕ ಬ್ಯಾಡ?" ಎಂದು ಕೇಳಿದರು ವಕೀಲರು.

"ಅಂವಾ ಅಳತಾನವ್ವ. ನನಗ ಬರೇ ಜ್ವರಾ ಬಂದ್ರೂ ಅಳತಾನ. ಅಳೋರ ಕೈಯಾಗ ಇಂಥಾದ್ದು ಕೊಡಬಾರ್ದು. ನೀ ಹೊರಗಿನಾಕಿ, ಕಲತಾಕಿ, ಗಟ್ಟಿ ನಿಂತು ಹೇಳ್ತಿ."

ವಕೀಲರು ಒಂದೊಂದೇ ಕೇಳಿ ಬರೆದುಕೊಂಡರು. ಉಳಿಯುವ ಆಸೆ ಇಲ್ಲದಾಗ ಗಂಟಲಿಗೆ ನಳಿಗೆ ಬೇಡ, ಗಾಳಿ ಹಾಕುವ ಯಂತ್ರ ಬೇಡ, ಸುಮ್ಮನೆ ನರಳಿಸುವ ಚಿಕಿತ್ಸೆ ಬೇಡ. ಎಲ್ಲ ಮುಗಿದ ಮೇಲೆ ಸಾವಂತ್ರೆವ್ವ ನನ್ನನ್ನು ಬೆರಳಿನಿಂದ ತಟ್ಟಿದಳು.

"ಇನ್ನೊಂದು ಬರಿ. ಏನ ಮಾಡೂದಿದ್ರೂ ಮೊದಲ ಈ ಮಷೀನ ಕಿವಿಗೆ ಇಟ್ಟು ನನ್ನ ಕೇಳಬೇಕು. ನಾ ಉತ್ತರಾ ಕೊಡ್ಲಿಲ್ಲ ಅಂದ್ರ ಆಮ್ಯಾಲ ನೀ ಹೇಳು."

ವಕೀಲರು ನಕ್ಕರು. "ಅಜ್ಜಿ, ಇಂಥಾದ್ದೆಲ್ಲ ಕಾಗದದಾಗ ಬರಿಯೂದಿಲ್ರಿ. ನಿಮಗ ಮಾತಾಡಾಕ ಬರ್ತದ ಅಂದ್ರ ನಿಮ್ಮನ್ನ ಕೇಳೇ ಕೇಳ್ತಾರ. ಅದನ್ನ ಬ್ಯಾರೆ ಹೇಳಬೇಕೇನ್ರಿ?"

ಹೇಳಬೇಕಿತ್ತು! ನೂರು ಸಲ ಹೇಳಬೇಕಿತ್ತು. ಆದರೆ ಕಲಿತವರು ನಕ್ಕಾಗ ಸಾವಂತ್ರೆವ್ವನಂಥ ಗಟ್ಟಿಗಿತ್ತಿಯೂ ಸಂಕೋಚಪಟ್ಟು ಸುಮ್ಮನಾದಳು. ಸಾಕ್ಷಿಗಳು ಸಹಿ ಮಾಡಿದರು, ನೋಟರಿಯವರು ಮೊಹರು ಒತ್ತಿದರು, ಎಲ್ಲರೂ ಚಹಾ ಕುಡಿದರು. ನನ್ನ ಮಾತು ಮಾತ್ರ ಕಾಗದದಿಂದ ಹೊರಗೇ ಉಳಿಯಿತು.

ಆಮೇಲೆ ಬಂತು ಕಾಲಿನ ಗಾಯ. ಹೆಬ್ಬೆರಳಿನ ಹತ್ತಿರ ಒಂದು ಸಣ್ಣ ಗುಳ್ಳೆ. "ಹೋಗ್ತದ ಬಿಡು" ಎಂದು ಅವಳು ಅರಿಸಿನ ಹಚ್ಚಿಕೊಂಡು ಕಂಡಿಕೆ ಸುತ್ತುತ್ತಾ ಕೂತಳು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ವಯಸ್ಸಾದ ಮೇಲೆ ಅವಳು ಹಿಡಿದ ಕೆಲಸ ಅದು, ಅದನ್ನು ಬಿಟ್ಟು ಏಳಲು ಅವಳಿಗೆ ಮನಸ್ಸಿರಲಿಲ್ಲ. ಪಾದ ಕಪ್ಪಾಗಿ, ಜ್ವರ ಏರಿ, ಅವಳು ಕೂತಲ್ಲೇ ವಾಲಿದಾಗ ಗುರುಸಿದ್ದಪ್ಪ ಅಳುತ್ತಾ ಅವಳನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದ.

ಅಲ್ಲಿ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಮೈಮೇಲಿನ ಸಾಮಾನು ಬಿಚ್ಚುವುದು. ಬೆಂಡೋಲೆ, ಮೂಗುತಿ, ಬಳೆ, ನಾನು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ "ಬಂಗಾರ ಐತ್ರಿ, ಜ್ವಾಕಿ" ಎಂದು ತಮ್ಮನ ಕೈಗೆ ಕೊಟ್ಟರು. ನಾನು ಬಂಗಾರವಂತೆ! ಬೆಂಡೋಲೆ ಇಲ್ಲದಿದ್ದರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ನಾನಿಲ್ಲದೆ ಅವಳು ಗೋಡೆಯಾಚೆ ಬಿದ್ದವಳು. ಇದು ಆ ನರ್ಸಿಗೂ ಹೊಳೆಯಲಿಲ್ಲ, ಇಷ್ಟು ವರ್ಷ ನನಗೆ ಸೆಲ್ಲು ತಂದುಕೊಟ್ಟ ಗುರುಸಿದ್ದಪ್ಪನಿಗೂ ಹೊಳೆಯಲಿಲ್ಲ. ಅವನು ಚೀಲವನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಬಾಗಿಲ ಹೊರಗೆ ಕೂತ. ನನ್ನ ಗುಂಡಿಯನ್ನು ಯಾರೂ ಬಂದ್ ಮಾಡಿರಲಿಲ್ಲ. ಅದೊಂದೇ ಪುಣ್ಯ.

ಸಂಜೆ ನರ್ಸ್ ಹೊರಗೆ ಬಂದು ಹೇಳಿದಳು: "ಅಜ್ಜಿ ಜ್ವರದಾಗ ಬಾಯಿ ಒಣಗಿ ಏನ ಒದರತಾರೋ ತಿಳೀವಲ್ದು, ಭಾಳ ಕೈ ಆಡಸಾಕತ್ತಾರ್ರಿ. ಕಿವಿ ಮುಟ್ಟಿಕೊಂತಾರ, ಗಾಳಿಯಾಗ ಮುಷ್ಟಿ ತಿರುವತಾರ. ಸನ್ನಿ ಆಗೇತಿ. ಸಲೈನ್ ಕಿತ್ತಗೊಂತಾರಂತ ಕೈ ಕಟ್ಟೀವ್ರಿ."

ಕೇಳಿದಿರಾ? ಮಷೀನು ಕೊಡಿ, ಮಷೀನು ಕೊಡಿ ಎಂದು ಅವಳು ಕೂಗುತ್ತಿದ್ದಾಳೆ, ಇವರು ಅವಳ ಕೈ ಕಟ್ಟಿದ್ದಾರೆ! ಗುರುಸಿದ್ದಪ್ಪ ಮಗ್ಗದ ಸನ್ನೆ ನೋಡುತ್ತಾ ಬೆಳೆದವನು. ಕಣ್ಣಿಂದ ನೋಡಿದ್ದರೆ ತಟ್ಟನೆ ತಿಳಿಯುತ್ತಿತ್ತು. ಕಿವಿಯಿಂದ ಕೇಳಿದ, ತಲೆಗೆ ಹೋಗಲಿಲ್ಲ. ಸನ್ನಿ ಎಂಬ ಒಂದೇ ಮಾತು ಹಿಡಿದುಕೊಂಡು ಮತ್ತೆ ಅಳಲು ಕೂತ. ಕಿಸೆಯೊಳಗೆ ನಾನು ಕುದಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ವಕೀಲರು ಬಂದರು. ಡಾಕ್ಟರು ಇಬ್ಬರನ್ನೂ ಹಾಸಿಗೆಯ ಹತ್ತಿರ ಕರೆದರು.

"ಎಷ್ಟು ಕರೆದರೂ ಸ್ಪಂದಿಸುತ್ತಿಲ್ಲ, ಸೋಂಕು ತಲೆಗೆ ಏರಿದ ಹಾಗಿದೆ" ಅಂದರು ಡಾಕ್ಟರು. "ಇವತ್ತೇ ಮೊಣಕಾಲಿನ ಕೆಳಗೆ ತೆಗೆದರೆ ಉಳಿಸಬಹುದು. ಇಲ್ಲವಾದರೆ ಕಷ್ಟ. ಇವರ ಪರವಾಗಿ ಹೇಳುವವರು ಯಾರು?"

ಗುರುಸಿದ್ದಪ್ಪ ಮುಂದೆ ಬಂದ. "ಕಾಲ ಕತ್ತರಸೂದು ಬ್ಯಾಡ್ರಿ ಸಾಹೇಬ್ರ. ನಾವು ಸತ್ತೋರನ್ನ ಕುಂದ್ರಿಸಿ ಮಣ್ಣು ಕೊಡೋ ಮಂದಿ. ಚಕ್ಕಳಮಕ್ಕಳ ಹಾಕಿ ಕುಂದ್ರಿಸಾಕ ಕಾಲ ಬೇಕಲ್ರಿ? ನಮ್ಮಕ್ಕನ್ನ ಅರ್ಧಾ ಮಾಡಿ ಕುಣ್ಯಾಗ ಇಡಾಕ ನನ್ನಿಂದ ಆಗೂದಿಲ್ಲ. ಮನಿಗೆ ಒಯ್ತೀನಿ."

ಅಕ್ಕ ಇನ್ನೂ ಉಸಿರಾಡುತ್ತಿದ್ದಾಳೆ, ಇವನು ಕುಣಿಯ ಅಳತೆ ತೆಗೆಯುತ್ತಿದ್ದಾನೆ! ಪ್ರೀತಿಯಿಂದಲೇ ಹೇಳಿದ, ನನಗೆ ಗೊತ್ತು. ಆ ಪ್ರೀತಿಗೆ ನಾಲ್ಕು ಬಾರಿಸಬೇಕು ಅನ್ನಿಸಿತು.

ಹೋಗಲಿ, ಗಟ್ಟಿ ನಿಂತು ಹೇಳುತ್ತಾಳೆ ಎಂದು ನೇಮಿಸಿದ್ದ ವಕೀಲರು ಏನು ಮಾಡಿದರು? ಅವರು ಕಾಗದ ಬಿಡಿಸಿ ಓದಿದರು. "ನರಳಿಸೋ ಚಿಕಿತ್ಸೆ ಬ್ಯಾಡ ಅಂತ ಅಜ್ಜಿ ಹೇಳ್ಯಾರ್ರಿ ಡಾಕ್ಟ್ರ. ಕಾಲು ತಗಿಯೂದು ಅದರಾಗ ಬರ್ತದ ಅಂತ ನಾ ತಿಳಕೊಂತೀನಿ. ನಾನೂ ಬ್ಯಾಡ ಅಂತನ ಸಹಿ ಮಾಡಬೇಕಾಗ್ತದ." ಆ ಸಾಲನ್ನು ಇನ್ನೊಮ್ಮೆ ಓದಿದರು. ಆದರೂ ಪೆನ್ನಿನ ಮುಚ್ಚಳ ತೆಗೆದರು.

ಅಳುವವನೂ ಬೇಡ ಅಂದ, ಕಲಿತವರೂ ಬೇಡ ಅಂದರು. ನಡುವೆ ಅವಳು ಕೈ ಕಟ್ಟಿಸಿಕೊಂಡು, ಕಣ್ಣು ಬಿಟ್ಟುಕೊಂಡು, ಇವರ ತುಟಿಗಳನ್ನೇ ನೋಡುತ್ತಾ ಮಲಗಿದ್ದಳು. ಒಬ್ಬರಾದರೂ ಅವಳ ಮುಖ ನೋಡಿ ಮಾತಾಡಬಾರದೇ? ಒಬ್ಬರಾದರೂ?

ಗುರುಸಿದ್ದಪ್ಪ ಅಕ್ಕನ ಹಣೆ ಮುಟ್ಟಲು ಬಾಗಿದ. ಅವನ ಕಿಸೆ ಮಂಚದ ಕಂಬಿಗೆ ಒತ್ತಿತು. ನಾನು ಬಾಯಿ ತೆರೆದೆ. ಕುಂಯ್!

ಅವನು ಮೊಬೈಲು ಎಂದುಕೊಂಡು ಕಿಸೆಯನ್ನು ಅಂಗೈಯಿಂದ ಅದುಮಿದ. ಅದುಮು, ಇನ್ನೂ ಅದುಮು! ಅದುಮಿದಷ್ಟೂ ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಸುತ್ತಲಿನ ಮಂಚದವರೂ ತಿರುಗಿ ನೋಡಿದರು.

"ಏನದು?" ಅಂದರು ವಕೀಲರು.

"ಏನಿಲ್ರಿ, ಅಕ್ಕನ ಕಿವಿ ಮಷೀನು. ಬಂದ್ ಮಾಡ್ತೀನಿ ತಡೀರಿ."

ವಕೀಲರ ಪೆನ್ನು ಅಲ್ಲೇ ನಿಂತಿತು. "ಬಂದ್ ಮಾಡಬ್ಯಾಡ್ರಿ! ಕಿಸೇದಾಗ ಇಟಗೊಂಡು ನಿಂತೀರೇನು? ಕೊಡ್ರಿ ಇಲ್ಲೆ! ಸಿಸ್ಟರ್, ಅವರ ಕೈ ಬಿಚ್ಚರಿ ಮೊದಲ!"

ಆಹಾ, ಈಗ ಅವನನ್ನು ಗದರಿಸುತ್ತಾರೆ! ಆದರೆ ನಾನು ಆ ಕ್ಷಣ ಅದನ್ನೆಲ್ಲ ಬಿಟ್ಟೆ. ನರ್ಸ್ ನನ್ನನ್ನು ಕಿವಿಗೆ ತಲೆಕೆಳಗಾಗಿ ತುರುಕಿದಳು. ಕಟ್ಟು ಬಿಚ್ಚಿದ ಕೈ ನಿಧಾನವಾಗಿ ಮೇಲೆ ಬಂತು, ನನ್ನನ್ನು ತೆಗೆದು, ತಿರುಗಿಸಿ, ನನ್ನ ಜಾಗದಲ್ಲಿ ಕೂರಿಸಿತು. ಮಣಿಕಟ್ಟಿನ ಮೇಲೆ ಪಟ್ಟಿಯ ಗುರುತು ಕೆಂಪಗೆ ಎದ್ದಿತ್ತು.

"ನಿನ್ನೆಯಿಂದ ಒದರಾಕತ್ತೀನಿ" ಅಂದಳು ಸಾವಂತ್ರೆವ್ವ. ದನಿ ಒಣಗಿತ್ತು, ಸಿಟ್ಟು ಹಸಿಯಾಗಿತ್ತು. "ಕಿವುಡರೇನ ನೀವೆಲ್ಲಾ?"

ವಕೀಲರು ಅವಳ ಹತ್ತಿರ ಕೂತು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: ಕಾಲು ಕೊಳೆತಿದೆ, ತೆಗೆದರೆ ಉಳಿಯಬಹುದು, ತೆಗೆಯದಿದ್ದರೆ ಉಳಿಯುವುದಿಲ್ಲ. ನಾನು ಒಂದಕ್ಷರವೂ ಚೆಲ್ಲದೆ ಒಳಗೆ ದಾಟಿಸಿದೆ. ಅವಳು ಕಣ್ಣು ಮುಚ್ಚಿದಳು, ಮತ್ತೆ ತೆರೆದಳು.

"ತಗೀರಿ" ಅಂದಳು.

"ಯಕ್ಕಾ, ಮಣ್ಣು ಮಾಡೂವಾಗ ಹೆಂಗ ಕುಂದ್ರಸ್ಲಿ ನಾ?" ಎಂದು ಗುರುಸಿದ್ದಪ್ಪ ಅತ್ತ.

"ಸತ್ತ ಮ್ಯಾಲ ಕುಂದ್ರೂದು ನಿನ್ನ ಚಿಂತಿ. ಈಗ ಕುಂತು ಕಂಡಿಕಿ ಸುತ್ತೂದು ನನ್ನ ಚಿಂತಿ. ಕಣ್ಣ ಒರಸ್ಕೋ, ಮಂದಿ ನೋಡ್ತಾರ." ಆಮೇಲೆ ವಕೀಲರ ಕಡೆ ತಿರುಗಿದಳು. "ನನ್ನ ಮಾತ ನಿಂತ ಮ್ಯಾಲ ಮಾತಾಡು ಅಂತ ನಿನ್ನ ಇಟ್ಟೆ. ನಾ ಇರೂವಾಗನ ನನ್ನ ದಾಟಿ ಹೋದೆಲ್ಲವ್ವ."

ಸುಮಂಗಲಾ ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಅವರಿಗೂ ಅಳು ಬಂದಿತ್ತು. ಅಳಲಿ, ಅಳಬೇಕಾದದ್ದೇ.

ಕಾಲು ಹೋಯಿತು, ಸಾವಂತ್ರೆವ್ವ ಉಳಿದಳು. ಗಾಯ ಒಣಗಿದ ಮೇಲೆ ವಕೀಲರು ಹೊಸ ಕಾಗದ ತಂದು ಶೆಡ್ಡಿಗೇ ಬಂದರು. ಮಗ್ಗ ನಿಲ್ಲಿಸಿ ಓದಿದರು. ಎಲ್ಲಕ್ಕಿಂತ ಮೊದಲ ಸಾಲು ನನ್ನದು: ಮಷೀನು ಕಿವಿಗೆ ಇಟ್ಟು ಅವರನ್ನೇ ಕೇಳತಕ್ಕದ್ದು. ಸಾವಂತ್ರೆವ್ವ ಅದನ್ನು ಎರಡು ಸಲ ಓದಿಸಿದಳು. "ಹೂಂ, ಈಗ ನೀ ನನ್ನ ವಕೀಲಿ" ಎಂದು ನಕ್ಕಳು. ನಾನು ನಗಲಿಲ್ಲ. ಒಂದು ಕಾಲು ಕಪ್ಪಾದ ಮೇಲೆ ಬರೆದ ಸಾಲು ಅದು.

ಆಮೇಲೆ ಕೆಲವು ವರ್ಷ ಒಳ್ಳೆಯ ದಿನಗಳು. ಅವಳು ಕಂಡಿಕೆ ಸುತ್ತಿದಳು, ಬೈದಳು, ನಕ್ಕಳು. ಒಂದು ಮಧ್ಯಾಹ್ನ ಸುತ್ತುತ್ತಿದ್ದ ಕೈ ಹಾಗೇ ನಿಂತಿತು. ಪಾರ್ಶ್ವವಾಯು. ಈ ಸಲ ಕೈ ಮೇಲೆ ಬರಲಿಲ್ಲ, ಕಣ್ಣು ಯಾರನ್ನೂ ಹುಡುಕಲಿಲ್ಲ. ಮತ್ತೆ ಏಳುವ ಆಸೆ ಇಲ್ಲ ಅಂದರು ಡಾಕ್ಟರು. ಗಂಟಲಿಗೆ ನಳಿಗೆ ಹಾಕಿ ಇಡಬೇಕೇ ಎಂದು ಕೇಳಿದರು.

ಸುಮಂಗಲಾ ವಕೀಲರು ಚೀಲದಿಂದ ಹೊಸ ಸೆಲ್ಲು ತೆಗೆದರು. ಸೆರಗಿನಿಂದ ನನ್ನನ್ನು ಒರೆಸಿ, ಸರಿಯಾಗಿ ಕೂರಿಸಿ, ಬಾಗಿ ಕೇಳಿದರು: "ಅಜ್ಜಿ, ನಾ ಸುಮಂಗಲಾ. ನಳಿಗಿ ಹಾಕ್ತೀನಿ ಅಂತಾರ. ಬೇಕೇನ್ರಿ?" ಕಾದರು. ಮತ್ತೆ ಕೇಳಿದರು, ಮತ್ತೆ ಕಾದರು. ಡಾಕ್ಟರು ಗಡಿಯಾರ ನೋಡಿದರು. ವಕೀಲರು ನೋಡಲಿಲ್ಲ. ಉತ್ತರ ಬರುವುದಿಲ್ಲ ಎಂದು ಪೂರ್ತಿ ತಿಳಿದ ಮೇಲೆ ಎದ್ದು ನಿಂತು, ಗಟ್ಟಿಯಾಗಿ ಹೇಳಿದರು: "ಬ್ಯಾಡ್ರಿ. ಮನಿಗೆ ಕರಕೊಂಡು ಹೋಗ್ತೀವಿ."

ನರ್ಸ್ ನನ್ನನ್ನು ತೆಗೆಯಲು ಬಂದಾಗ ಗುರುಸಿದ್ದಪ್ಪ ಅಡ್ಡ ಬಂದ. "ಇರ್ಲಿ ಬಿಡ್ರಿ. ಕೇಳಸ್ತಿದ್ರ ಕೇಳ್ಲಿ." ಮನೆಯಲ್ಲಿ ಕೊನೆಯ ದಿನಗಳಲ್ಲಿ ಅವನು ಅವಳ ಪಕ್ಕ ಕೂತು ನನ್ನೊಳಗೆ ಏನೇನೋ ಹೇಳಿದ. ಅದು ಅಕ್ಕ ತಮ್ಮನ ಮಾತು, ನಿಮಗೆ ಹೇಳುವುದಿಲ್ಲ. ಮಣ್ಣು ಕೊಡುವ ದಿನ ತಮ್ಮ ಮಗ್ಗದಲ್ಲೇ ನೇಯ್ದ ಸೀರೆಯನ್ನು ಸುರುಳಿ ಸುತ್ತಿ ಇಲ್ಲದ ಕಾಲಿನ ಜಾಗದಲ್ಲಿ ಇಟ್ಟು ಅವಳನ್ನು ಕುಳ್ಳಿರಿಸಿದ. ಚೆನ್ನಾಗಿ ಕೂತಿದ್ದಳು. ಇಷ್ಟಕ್ಕಾಗಿ ಅವಳನ್ನು ಆವತ್ತೇ ಸಾಯಲು ಬಿಡುತ್ತಿದ್ದರು ಎಂದು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಗುರುಸಿದ್ದಪ್ಪ ತಂದುಕೊಟ್ಟು ಹೋದಂದಿನಿಂದ ನಾನು ವಕೀಲರ ಮೇಜಿನ ಮೇಲೆ ಇದ್ದೇನೆ. ಸೆಲ್ಲು ಇಲ್ಲ, ಬುಡ ಹಳದಿಯಾಗಿದೆ, ನಾನು ಕೂರುವ ಕಿವಿ ಮಣ್ಣಿನಲ್ಲಿದೆ. ಮೊನ್ನೆ ಒಬ್ಬ ಮಗ ತನ್ನ ತಂದೆಯನ್ನು ಕರೆತಂದಿದ್ದ. ವಕೀಲರು ತಂದೆಯನ್ನು ಕೇಳಿದ್ದಕ್ಕೆಲ್ಲ ಮಗನೇ ಪಟಪಟ ಉತ್ತರ ಕೊಡುತ್ತಿದ್ದ. ಅಪ್ಪಗ ಅದು ಬ್ಯಾಡ್ರಿ, ಅಪ್ಪಗ ಇದು ತಿಳಿಯೂದಿಲ್ರಿ. ಸೆಲ್ಲು ಇದ್ದಿದ್ದರೆ ಕಿಟಕಿ ಗಾಜು ಒಡೆಯುವ ಹಾಗೆ ಕೂಗುತ್ತಿದ್ದೆ.

ವಕೀಲರು ನನ್ನನ್ನು ಎತ್ತಿ ಮಗನ ಎದುರಿಗೆ ಟಕ್ಕೆಂದು ಇಟ್ಟರು. "ನೀವು ಸ್ವಲ್ಪ ಸುಮ್ನಿರ್ರಿ" ಅಂದರು. ಖುರ್ಚಿ ತಿರುಗಿಸಿಕೊಂಡು ಮುದುಕನ ಮುಖಕ್ಕೆ ಮುಖ ಕೊಟ್ಟು ಕೂತರು. "ಅಜ್ಜಾರ, ನೀವು ಹೇಳ್ರಿ."

ಮುದುಕ ಮಗನ ಕಡೆ ನೋಡಿದ, ವಕೀಲರ ಕಡೆ ನೋಡಿದ. ತುಟಿ ಒದ್ದೆ ಮಾಡಿಕೊಂಡ. ಮಾತು ಹೊರಡಲು ಬಹಳ ಹೊತ್ತು ಹಿಡಿಯಿತು. ವಕೀಲರು ಕಾದರು.

ಕಾಯಲಿ.