ಸ್ವೆಟರಿಗೆ ಜಾಗ

ಯೂರೋಪಿಗೆ ಹೋಗಲೇಬೇಕೆಂದು ಹಟ ಹಿಡಿದವಳು ಅಮ್ಮ. ಹೊಸಪೇಟೆಯ ಬಿಸಿಲಲ್ಲಿ ಬೆಂದವಳಿಗೆ ಒಮ್ಮೆ ಹಿಮದ ಬೆಟ್ಟ ನೋಡುವ ಆಸೆ. ಟೂರಿಗೆ ಹೆಸರೂ ಕೊಟ್ಟಾಗಿತ್ತು. ಯುಗಾದಿಯಾದ ಮೇಲೊಂದು ದಿನ ಮಡಿ ಅಡುಗೆ ಮುಗಿಸಿ, ಉಟ್ಟಿದ್ದ ರೇಷ್ಮೆ ಸೀರೆಯನ್ನು ಬಟ್ಟೆಯ ಗಳುವಿಗೆ ಹಾಕಿ, ಎದೆ ಹಿಡಿದು ಕುಳಿತವಳು ಮತ್ತೆ ಏಳಲಿಲ್ಲ. ಅವಳ ಸೀಟಿಗೆ ಈಗ ನಾನು. ನನಗಂತೂ ಯಾವ ಬೆಟ್ಟವೂ ಬೇಕಿರಲಿಲ್ಲ, ಅಪ್ಪನೊಬ್ಬನನ್ನೇ ಕಳಿಸಲಾಗದೆ ಒಪ್ಪಿದ್ದೆ.

ಟೂರಿನ ಗೈಡು ಫೋನಿನಲ್ಲಿ ಹೇಳಿದ್ದೇ ಹೇಳಿದ್ದ: ತಲೆಗೊಂದೇ ಸೂಟ್‌ಕೇಸು, ಅದನ್ನೂ ನೀವೇ ಹೊರಬೇಕು, ಹಗುರ ಇರಲಿ. ಅಪ್ಪನ ಪೆಟ್ಟಿಗೆಯಲ್ಲಿ ಅವಲಕ್ಕಿ, ಮೆಂತ್ಯದ ಹಿಟ್ಟು, ಸಂಧ್ಯಾವಂದನೆಯ ಪಾತ್ರೆ ಎಲ್ಲ ತುಂಬಿ, ನಾನಿಟ್ಟ ದಪ್ಪ ಸ್ವೆಟರ್ ಮಾತ್ರ ಹೊರಗೆ ಬಿದ್ದಿತ್ತು. ಅದರ ಜಾಗದಲ್ಲಿ ಅಮ್ಮನ ಆ ಸೀರೆ.

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲಿ ಥಂಡಿಗೆ ನಡುಗಿ ಮಲಗಿದ್ರ ಯಾರು ನೋಡ್ಬೇಕು? ಸೀರಿ ಹೊದ್ಕೊಳ್ತೀಯೇನು?"

"ಆಕಿ ವಾಸನಿ ಅದರಾಗ ಇನ್ನೂ ಅದ ತುಳಸಿ," ಎಂದ ಅಪ್ಪ. "ಆ ಬೆಟ್ಟದ ಮ್ಯಾಲೆ ಒಂದ್ಸಲ ಮೂಗಿಗೆ ಹಿಡಕೊಳ್ತೀನಿ. ಆಕಿ ಬಂದಂಗ ಆಗ್ತದ."

ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನಕ್ಕೆ ಹೋಗುವ ಮನುಷ್ಯ ನನ್ನಪ್ಪ. ಮಡಿಯ ರೇಷ್ಮೆಯನ್ನು ದಿನಾ ಒಗೆಯುವುದಿಲ್ಲ ನಿಜ, ಆದರೆ ಸಾವಿನ ಸೂತಕ ಕಳೆದ ದಿನ ಮನೆಯ ಚಿಂದಿಬಟ್ಟೆಯನ್ನೂ ಬಿಡದೆ ಒಗೆಸಿದ್ದ. ಇದೊಂದನ್ನು ಕದ್ದು ಬೀರುವಿನಲ್ಲಿಟ್ಟಿದ್ದನಂತೆ. ನಾನೂ ಮುಖ ಹುದುಗಿಸಿ ನೋಡಿದೆ. ಗಂಧ, ಇಂಗಿನ ಒಗ್ಗರಣೆ, ಅಮ್ಮನ ಬೆವರು. ಅಳು ತಡೆಯಲಾಗಲಿಲ್ಲ. ಸೀರೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ಸ್ವೆಟರನ್ನು ಮಂಚದ ಮೇಲೆಸೆದೆ.

ಹೊರಡುವ ದಿನ ಬೆಳಗ್ಗೆ ಅಪ್ಪನ ಅಕ್ಕ ರಾಧಾಬಾಯಿ ಕಂಪ್ಲಿಯಿಂದ ಮೊದಲ ಬಸ್ಸಿಗೇ ಬಂದಳು. ನಾನು ಸ್ನಾನಕ್ಕೆ ಹೋಗಿದ್ದೆ, ಅಪ್ಪ ಜಪಕ್ಕೆ ಕುಳಿತಿದ್ದ. ನಾವಿಬ್ಬರೂ ಹೊರಬರುವಷ್ಟರಲ್ಲಿ ಅತ್ತೆ ಹಿತ್ತಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು.

"ವ್ಯಾಸರಾಜ, ನಮ್ಮ ಶ್ರೀಲಕ್ಷ್ಮೀ ಮಡಿಸೀರಿ ಸೂತಕದಾಗ ಒಗೀದೇ ಉಳಿದಿತ್ತಲ್ಲೋ! ಪೆಟ್ಟಿಗ್ಯಾಗ ನೋಡಿದ ಕೂಡ್ಲೇ ಗೊತ್ತಾತು. ಅದನ್ನ ಹಂಗ ಒಯ್ಯೂದ? ಅಂಟುವಾಳದಾಗ ಛಂದ ತೊಳದು ಹಾಕೀನಿ. ಜಲ್ದಿ ಒಣಗ್ತದ. ಪಾಪ, ಆಕಿ ಮಡಿಯಿಂದ್ಲೇ ಬರಲಿ ನಿಮ್ಮ ಜೋಡಿ."

ನನ್ನ ಬಾಯಿಗೆ ಬಂದ ಮಾತು ಒಳ್ಳೆಯದಾಗಿರಲಿಲ್ಲ. ಅಪ್ಪ ನನ್ನ ಕೈ ಹಿಡಿದು ಅದುಮಿದ. ಹಿತ್ತಲಿಗೆ ಹೋಗಿ, ತೊಟ್ಟಿಕ್ಕುವ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತ. ಅತ್ತೆ ಗಾಬರಿಯಾಗಿ ನನ್ನ ಮುಖ ನೋಡಿದಳು.

"ಛಲೋ ಮಾಡಿದಿ ಅಕ್ಕ," ಎಂದ ಅಪ್ಪ ಒಳಗೆ ಬಂದು. ಗಡ್ಡವೆಲ್ಲ ಒದ್ದೆಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸೀರೆ ಗರಿಗರಿಯಾಗಿ ಒಣಗಿತು. ಮಡಿಚಿ ತಂದುಕೊಟ್ಟೆ. ಅಪ್ಪ ಅದನ್ನು ಮೂಸಲಿಲ್ಲ. ಬೀರುವಿನಲ್ಲಿ ಉಳಿದ ಸೀರೆಗಳ ಜೊತೆಗಿಟ್ಟು ಬಾಗಿಲು ಹಾಕಿದ.

"ನಿನ್ನ ಸ್ವೆಟರ್ ತಾ ತುಳಸಿ," ಎಂದ. "ಈಗ ಜಾಗ ಅದ."