ತಪ್ಪಿಲ್ಲದ ಚೀಟಿ

ನನ್ನ ಗಂಡ ಸ್ಟಿಯರಿಂಗ್ ಹಿಡಿದು ಇಪ್ಪತ್ತೊಂದು ವರ್ಷವಾಯಿತು. ಇದುವರೆಗೆ ಒಂದು ನಾಯಿಮರಿಗೂ ಲಾರಿ ತಾಗಿಸಿದವರಲ್ಲ. ಆದರೆ ಕಂಪನಿಯ ಕಂಪ್ಯೂಟರಿನ ಪ್ರಕಾರ ಅವರು ಅಪಾಯಕಾರಿ ಚಾಲಕ.

ಅದರ ಲೆಕ್ಕಾಚಾರ ಕೇಳಿದರೆ ಮೈ ಉರಿಯುತ್ತದೆ. ಎರಡು ವರ್ಷದಲ್ಲಿ ತಪಾಸಣೆಯವರು ನಮ್ಮನ್ನು ನಲವತ್ತು ಸಲವಾದರೂ ನಿಲ್ಲಿಸಿರಬಹುದು. ಎಲ್ಲ ಸರಿಯಿದ್ದಾಗ ಕೈ ಬೀಸಿ 'ಹೋಗಿ' ಎಂದರು, ಚೀಟಿ ಬರೆಯಲಿಲ್ಲ. ವೈಪರ್ ರಬ್ಬರ್ ಸವೆದಿತ್ತು, ಬರೆದರು. ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ಮುಗಿದಿತ್ತು, ಬರೆದರು. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿತ್ತು, ಅದನ್ನೂ ಬರೆದರು. ಕಂಪ್ಯೂಟರು ಎಣಿಸುವುದು ಚೀಟಿಗಳನ್ನಷ್ಟೇ: ಅವರ ಪಾಳಿಯಲ್ಲಿ ಬರೆದದ್ದು ಮೂರು ಚೀಟಿ, ಮೂರರಲ್ಲೂ ತಪ್ಪು. ಉಳಿದ ಮೂವತ್ತೇಳು ಸಲ ನಾವು ರಸ್ತೆಯಲ್ಲೇ ಇರಲಿಲ್ಲವೇನೋ!

ಕಂಪನಿಯ ಸುರಕ್ಷತಾ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: ತಿಂಗಳೊಳಗೆ ತಪ್ಪಿಲ್ಲದ ಒಂದು ಚೀಟಿ ತರದಿದ್ದರೆ ನನ್ನ ಗಂಡನಿಗೆ ಗೋಡೌನ್ ಕೆಲಸ. ನಾವಿಬ್ಬರೂ ಪಾಳಿಯ ಮೇಲೆ ಒಂದೇ ಲಾರಿ ಓಡಿಸುತ್ತೇವೆ. ಅವರು ಇಳಿದರೆ ನನ್ನ ಪಕ್ಕಕ್ಕೆ ಇನ್ಯಾರೋ ಬರುತ್ತಾರೆ.

ಹಾಗಾಗಿ ಗಡುವಿನ ಕೊನೆಯ ವಾರ ಕಂಡ ಕಂಡ ತಪಾಸಣಾ ಕಟ್ಟೆಯಲ್ಲಿ ನಾವೇ ನಿಲ್ಲಿಸಿದೆವು. ಮೂರು ಕಡೆ ನೋಡದೆಯೇ ಅಟ್ಟಿದರು. ನಾಲ್ಕನೆಯದರಲ್ಲಿ, ತಿಂಗಳ ಕೊನೆಯ ದಿನ, ನಾನೇ ಇಳಿದೆ.

"ಯಾರಮ್ಮ ನಿಲ್ಸೋಕೆ ಹೇಳಿದ್ದು? ಹೊರಡಿ, ಹೊರಡಿ," ಎಂದರು ಇನ್ಸ್‌ಪೆಕ್ಟರು.

"ಸಾರ್, ನಮ್ಮ ಗಾಡಿ ಚೆಕ್ ಮಾಡಿ ಚೀಟಿ ಕೊಡಿ."

"ತಪ್ಪಿಲ್ಲದ ಗಾಡಿಗೆ ಚೀಟಿ ಯಾಕೆ?"

"ತಪ್ಪಿಲ್ಲ ಅಂತ ಬರೆಯೋಕೆ ಸಾರ್."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅಂಗಲಾಚಿದ ಮೇಲೆ ಪ್ಯಾಡು ಹಿಡಿದು ಬಂದರು. ಟೈರು ಒದ್ದು ನೋಡಿದರು, ಹಾರ್ನ್ ಹೊಡೆಸಿದರು, ಸರಕಿಗೆ ಕಟ್ಟಿದ ಹಗ್ಗ ಎಳೆದರು. ನನ್ನ ಗಂಡ ಬ್ರೇಕ್ ಒತ್ತಿದಾಗ ಹಿಂದಿನ ಎರಡೂ ದೀಪ ಕೆಂಪಗೆ ಹತ್ತಿದವು.

"ಎಲ್ಲ ಸರಿಯಿದೆ," ಎಂದು ಪೆನ್ನಿನ ಮುಚ್ಚಳ ತೆಗೆದರು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಈ ಮಹಾನುಭಾವರು ಕೆಳಗಿಳಿದು ಬಂದರು. "ಸಾರ್, ಎಡಗಡೆ ದೀಪ ಒಂದೊಂದ್ಸಲ ಹತ್ತಲ್ಲ. ಈಗಷ್ಟೇ ಊಟಕ್ಕೆ ನಿಲ್ಸಿದಾಗ ಗೊತ್ತಾಯ್ತು. ತಟ್ಟಿದ ಮೇಲೆ ಹತ್ತಿತು."

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಇನ್ಸ್‌ಪೆಕ್ಟರು ಪಾಪ ನನ್ನ ಮುಖ ನೋಡಿದರು. ಮತ್ತೆ ಬ್ರೇಕ್ ಒತ್ತಿಸಿದರು. ಮೂರನೇ ಸಲಕ್ಕೆ ಎಡಗಡೆಯದು ಹತ್ತಲಿಲ್ಲ.

"ಗೊತ್ತಾದ ಮೇಲೆ ಬರೀದೆ ಬಿಡೋಕಾಗಲ್ಲಮ್ಮ," ಎಂದು ಬರೆದುಕೊಟ್ಟರು. ತಪ್ಪು: ಎಡ ಬ್ರೇಕ್ ದೀಪ. ಅದನ್ನು ತೋರಿಸಿಕೊಟ್ಟವರು ಯಾರು ಎಂದು ಬರೆಯಲು ಆ ಚೀಟಿಯಲ್ಲಿ ಜಾಗವೇ ಇರಲಿಲ್ಲ.

"ಒಂದೇ ಒಂದು ನಿಮಿಷ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನ್ರೀ?" ಎಂದು ಹರಿಹಾಯ್ದೆ.

"ನಾನು ಬ್ರೇಕ್ ಹಾಕಿದ್ದು ಹಿಂದೆ ಬರೋನಿಗೆ ಹೇಗೆ ಗೊತ್ತಾಗ್ಬೇಕು ಹೇಳು," ಎಂದರು.

ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಕ್ಕೆ ಹೋದರು. ನಾನು ಅವರ ಸೀಟಿನಲ್ಲಿ ಕೂತು, 'ಒತ್ತು' ಅಂದಾಗಲೆಲ್ಲ ಬ್ರೇಕ್ ಒತ್ತಿದೆ. ತಂತಿ ಸರಿಹೋಗಿ ಹತ್ತು ಸಲಕ್ಕೆ ಹತ್ತೂ ಸಲ ದೀಪ ಹತ್ತಿತು. ಅದನ್ನು ನೋಡಲು ಇನ್ಸ್‌ಪೆಕ್ಟರು ಅಲ್ಲಿರಲಿಲ್ಲ, ಬೇರೆ ಲಾರಿಯ ಹತ್ತಿರ ಹೋಗಿದ್ದರು.

ಸಂಜೆ ಮೇಡಂ ಫೋನ್ ಮಾಡಿದರು. ನಾಳೆಯಿಂದ ನನ್ನ ಜೊತೆ ಬರುವ ಹುಡುಗನ ದಾಖಲೆಯಲ್ಲಿ ಒಂದು ತಪ್ಪೂ ಇಲ್ಲವಂತೆ. ಎಷ್ಟು ವರ್ಷದಿಂದ ಓಡಿಸುತ್ತಿದ್ದಾನೆ ಎಂದು ಕೇಳಿದೆ.

"ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಯ್ತು," ಎಂದರು. "ಅವನನ್ನ ಇನ್ನೂ ಯಾರೂ ನಿಲ್ಸಿಲ್ಲ."