ದೀಪ ಆರಲಿಲ್ಲ

“ಸೂಳಿಮಗನ, ದೀಪಾ ಹಚ್ಚಿ ಪೂಜಿ ಮಾಡ್ತಿಯೇನು ಅದಕ? ಒಳಗ ಹತ್ತಲೇ!”

ಗುರುಪ್ರಸಾದ ಬೂಟುಗಾಲಿನಿಂದ ಮಲ್ಲುವಿನ ಸೊಂಟಕ್ಕೆ ಒದ್ದ. ಅವನು ದಾಲ್‌ಮಿಲ್ಲಿನ ಸಾವ್ಕಾರನ ಮಗ. ಮಲ್ಲು ಅಲ್ಲಿನ ಹಮಾಲ. ಒದೆ ತಿಂದರೂ ಮಲ್ಲು ಕೈಯಲ್ಲಿದ್ದ ಕೋಲು ಬಿಡಲಿಲ್ಲ. ಅದರ ತುದಿಗೆ ಕಟ್ಟಿದ್ದ ಚಿಮಣಿ ದೀಪವನ್ನು ಕಂಟೇನರಿನ ಬಾಗಿಲೊಳಗೆ ಚಾಚಿದ.

ಮಲ್ಲುವಿನ ಊರು ಕಮಲಾಪುರದಲ್ಲಿ ಅವನ ಅಪ್ಪ ಗೌಡರ ಹಗೇವಿಗೆ ಇಳಿಯುತ್ತಿದ್ದವನು. ನೆಲದಡಿ ಜೋಳ ತುಂಬಿಟ್ಟ ಆ ಕುಣಿಯೊಳಗೆ ಮೊದಲು ದೀಪ ಇಳಿಬಿಡಬೇಕು. ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಮನುಷ್ಯ ಇಳಿಯಬಾರದು. ಹಗೇವು ಮುಚ್ಚಿ ಎಷ್ಟೋ ಕಾಲವಾಗಿತ್ತು. ಮುಚ್ಚಿಟ್ಟ ಕಾಳಿನ ಬಾಯಿ ತೆರೆಯುವಾಗ ದೀಪ ಹಿಡಿಯುವುದನ್ನು ಮಾತ್ರ ಮಲ್ಲು ಬಿಟ್ಟಿರಲಿಲ್ಲ.

ಕಂಟೇನರಿನ ತುಂಬ ಕೆನಡಾದ ಹಳದಿ ಬಟಾಣಿ. ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ಟ್ರೇಲರ್ ಹತ್ತಿ ಕಲಬುರಗಿ ಸೇರಿತ್ತು. ಪಕ್ಕದಲ್ಲಿ ಇಂಥದ್ದೇ ಎರಡನೇ ಕಂಟೇನರು ನಿಂತಿತ್ತು. ಇಲ್ಲಿ ಅದು ಬೇಳೆಯಾಗಿ ತೊಗರಿಬೇಳೆಯ ಚೀಲಕ್ಕೆ ಬೆರೆಯುತ್ತಿತ್ತು.

“ನಮ್ಮ ಅಜ್ಜಿ ಕಾಲದಾಗ ಅಮೇರಿಕಾದ ಗೋದಿ ಬಂದಿತ್ತಂತ,” ಅಂದ ಜೊತೆಯ ಹಮಾಲ ಬಂದೇನವಾಜ್. “ಹೊಟ್ಟಿಗಿ ಗೋದಿ, ಹೊಲಕ್ಕ ಕಾಂಗ್ರೆಸ್ ಕಸ. ಈ ಸಲ ಜೋಡಿಗಿ ಏನ್ ಕಳಿಸ್ಯಾರೋ.”

“ನಿನಗೊಬ್ಬಾಕಿ ಹೇಂತಿ ಕಳಿಸಿರ್ತಾರ, ಹುಡುಕು,” ಅಂದಳು ಜಯದೇವಿ. ಅವಳು ಮಲ್ಲುವಿನ ಹೆಂಡತಿ. ಚೆಲ್ಲಿದ ಕಾಳು ಗುಡಿಸಲು ಪೊರಕೆ ಹಿಡಿದು ಸರಕು ಇಳಿಸುವ ಕಟ್ಟೆಯ ಮೇಲೆ ಕೂತಿದ್ದಳು.

ದೀಪ ನೆಟ್ಟಗೆ ಉರಿಯಿತು.

“ಆರಲಿಲ್ಲ ನೋಡು. ಗಾಳಿ ಛಲೋ ಅದ.” ಮಲ್ಲು ದೀಪವನ್ನು ಅವಳ ಕೈಗೆ ಕೊಟ್ಟು ಹತ್ತಿದ. ಚೀಲಗಳ ಮೇಲೆ ತೆವಳುತ್ತ ಒಳಗಿನಿಂದಲೇ ಕೂಗಿದ: “ಬಂದೇನವಾಜಾ, ಬಳ್ಳೊಳ್ಳಿ ವಾಸನಿ ಬರ್ಲಕತ್ತದಲ್ಲೋ!”

ಮತ್ತೆ ಮಾತಿಲ್ಲ. ಬಂದೇನವಾಜ್ ಕರೆದ, ಕಂಟೇನರಿನ ತಗಡು ಬಡಿದ. ಆಮೇಲೆ ಮೂಗಿಗೆ ಟವೆಲ್ ಬಿಗಿದುಕೊಂಡು ನುಗ್ಗಿ, ಕಾಲು ಹಿಡಿದು ಎಳೆದು ತಂದ. ಮಲ್ಲುವಿನ ಬಾಯಲ್ಲಿ ನೊರೆಯಿತ್ತು. ಉಗುರು ನೀಲಿಗಟ್ಟಿದ್ದವು. ಉಸಿರಿರಲಿಲ್ಲ. ಬಂದೇನವಾಜ್ ಕಟ್ಟೆಯ ಅಂಚಿಗೆ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿದ.

ಗುರುಪ್ರಸಾದ ಲೆಕ್ಕ ಬರೆಯುವ ಮುನೀಮನನ್ನು ಓಡಿಸಿ ಸಾರಾಯಿ ತರಿಸಿದ. ಮೊಣಕಾಲೂರಿ ಹೆಣದ ದವಡೆಯನ್ನು ಬೆರಳಿನಿಂದ ಅಗಲಿಸಿ ಸುರಿದ. ಅದು ಗಂಟಲಿಗೆ ಇಳಿಯದೆ ಕೆನ್ನೆಯ ಮೇಲೆ ಹರಿದು ಕಿವಿಯಲ್ಲಿ ನಿಂತಿತು.

“ಸಾವ್ಕಾರ್ರ, ಅವ ಕುಡಿಯಂಗಿಲ್ರೀ…” ಅಂದಳು ಜಯದೇವಿ.

“ಈಗ ಕುಡಿದಾನಲ್ಲ? ಕುಡಿದು ಬಿದ್ದು ಸತ್ತ ಅಂತ ಪೊಲೀಸರ ಮುಂದ ಹೇಳು. ಇಲ್ಲಾಂದ್ರ ಹೆಣ ಕಮಲಾಪುರಕ್ಕ ಹೆಂಗ ಒಯ್ತಿ ನೋಡ್ತೀನಿ.”

ಅವಳು ಸೆರಗಿನಿಂದ ಗಂಡನ ಬಾಯಿ ಒರೆಸಿದಳು. ಮತ್ತೆ ಒರೆಸಿದಳು.

ಟ್ರೇಲರಿನ ಡ್ರೈವರ್ ನದೀಮ್ ಮೆಲ್ಲನೆ ಬಂದೇನವಾಜನ ಹತ್ತಿರ ಬಂದ. “ಮೈ ಸುಬೇ ಇಚ್ ಬೋಲ್ಯಾ ನಾ ಸೇಟ್ ಕು. ಅಂದರ್ ಜಹರ್ ಕಿ ಗೋಲಿಯಾಂ ಹೈ, ಏಕ್ ದಿನ್ ಖುಲಾ ಛೋಡೋ ಬೋಲ್ಕೆ.”

“ಒಳಗ ಹುಳಾ ಸಾಯ್ಲಾಕ ಇಟ್ಟ ವಿಷದ ಗುಳಿಗಿ ಅವ ಅಂತ ಈ ಸಾವ್ಕಾರ್ಗ ಮುಂಜಾನಿನೇ ಹೇಳಿದ್ದೇನು?” ಬಂದೇನವಾಜ್ ಎದ್ದು ನಿಂತ. “ಒಂದಿನ ಬಾಗಿಲಾ ತೆರೆದಿಡ್ರಿ ಅಂತ?”

ನದೀಮ್ ಹೌದೆಂದು ತಲೆಯಾಡಿಸಿದ. ಬೆಳ್ಳುಳ್ಳಿಯ ವಾಸನೆ ಆ ಗುಳಿಗೆಯ ಗಾಳಿಯದು; ಅದಕ್ಕೆ ದೀಪ ಆರುವುದಿಲ್ಲ.

ಗುರುಪ್ರಸಾದ ಗಡಿಯಾರ ನೋಡಿಕೊಂಡ. “ಏನಲೇ ಗುಸುಗುಸು? ಎರಡನೇ ಗಾಡಿ ತೆಗೀರಿ. ಸಂಜಿಯೊಳಗ ಎರಡೂ ವಾಪಸ್ ಹೋಗಬೇಕು, ತಡಾ ಆದ್ರ ದಂಡಾ ಬೀಳ್ತದ. ಒಬ್ಬ ಸತ್ತಂದ್ರ ಮಿಲ್ಲಿಗಿ ಬೀಗ ಹಾಕ್ಲೇನು?”

ಕಟ್ಟೆಯ ಮೇಲಿದ್ದ ಇನ್ನಿಬ್ಬರು ಹಮಾಲರು ನಿಂತಲ್ಲೇ ನಿಂತರು. ಬಂದೇನವಾಜ್ ಒಬ್ಬನೇ ಹೋಗಿ ಎರಡನೇ ಕಂಟೇನರಿನ ಸರಳು ಎಬ್ಬಿಸಿ ಬಾಗಿಲು ತೆರೆದ.

“ಮೊದಲ ನೀವು ಹತ್ರಿ, ಸಾವ್ಕಾರ್ರ. ಹಿಂದ ನಾವು ಬರ್ತೀವಿ.”

ಗುರುಪ್ರಸಾದ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಎಲ್ಲರೂ ಅದನ್ನು ನೋಡಿದರು.

ಬಂದೇನವಾಜ್ ಅವನ ಕುತ್ತಿಗೆಗೆ ಕೈ ಹಾಕಿದ. ಆ ಇಬ್ಬರು ಹಮಾಲರು ಕಾಲು ಹಿಡಿದರು. ನಿತ್ಯ ಚೀಲ ಎತ್ತುವ ಕೈಗಳು. ಒಂದೇ ಎಸೆತಕ್ಕೆ ಅವನು ಬಟಾಣಿಯ ಮೇಲೆ ಬೋರಲು ಬಿದ್ದ. ಹಲ್ಲು ಒಡೆದು ರಕ್ತ ಚೀಲಕ್ಕೆ ಹತ್ತಿತು. ಅವನು ಏಳುವ ಮೊದಲೇ ಬಾಗಿಲು ಕೂಡಿತು, ಸರಳು ಬಿತ್ತು. ಮುನೀಮ ಗೇಟು ದಾಟಿ ಹೊರಗೆ ಓಡಿದ; ಹಮಾಲನೊಬ್ಬ ಒಳಗಿನಿಂದ ಅಗಳಿ ಹಾಕಿದ.

“ತೆಗೀರಲೇ ಸೂಳಿಮಕ್ಕಳ್ಯಾ! ಕಡಿದು ಹಾಕ್ತೀನಿ ಒಬ್ಬೊಬ್ಬರನ್ನ!”

ಜಯದೇವಿ ಗಂಡನ ಹೆಣವನ್ನು ರಟ್ಟೆ ಹಿಡಿದು ಕಟ್ಟೆಯ ಮೇಲೆ ಎಳೆದು ತಂದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಒಳಗಿನ ಬಡಿತ ತಗಡು ದಾಟಿ ಅವಳ ಬೆನ್ನಿಗೆ ತಾಕುತ್ತಿತ್ತು.

“ಬಂದೇನವಾಜಣ್ಣಾ… ನಿನ್ನ ಕಾಲ್ ಬೀಳ್ತೀನೋ…” ಒಳಗಿನಿಂದ ಗುರುಪ್ರಸಾದನ ದನಿ ಬಂತು.

ಗೇಟಿನ ಹೊರಗೆ ಪೊಲೀಸರ ಜೀಪು ನಿಂತ ಸದ್ದಾಯಿತು. ಯಾರೋ ಗೇಟು ಬಡಿದರು. ಬಂದೇನವಾಜನ ಕೈ ಸರಳಿನ ಕಡೆ ಚಾಚಿತು. ಜಯದೇವಿ ತಲೆಯೆತ್ತಿ ಅವನನ್ನು ನೋಡಿದಳು. ಕೈ ಅಲ್ಲೇ ನಿಂತಿತು.

“ಯಕ್ಕಾ… ಯವ್ವಾ…”

ಬೆನ್ನಿಗೆ ತಾಕುತ್ತಿದ್ದ ಬಡಿತ ಸಣ್ಣದಾಗುತ್ತ ಬಂತು. ಅವಳು ಗಂಡನ ಕಿವಿಯಲ್ಲಿ ನಿಂತಿದ್ದ ಸಾರಾಯಿಯನ್ನು ಸೆರಗಿನ ತುದಿಯಿಂದ ಒತ್ತಿ ತೆಗೆಯುತ್ತಿದ್ದಳು.